ಒಗರನ್ನು ಕಹಿ ಎನ್ನುವವರಿಗೆ

ಕಳೆದ ವಾರ ದಾವಣಗೆರೆಯ ಗೆಳೆಯರ ಮನೆಯಲ್ಲಿ ಕೆಂಪು ವೈನಿನ ಬಾಟಲಿ ತೆರೆದರು. ಗ್ರೆನಾಶ್, ಸಿರಾ, ಮೂರ್ವೆದ್ರ್ ಎಂಬ ಮೂರು ದ್ರಾಕ್ಷಿ ತಳಿಗಳ ಮಿಶ್ರಣ; ಓಕ್ ಮರದ ಪೀಪಾಯಿಯ ಸೋಂಕಿಲ್ಲದೆ ಉಕ್ಕಿನ ತೊಟ್ಟಿಯಲ್ಲೇ ಪಳಗಿದ್ದು. ಮೊದಲ ಗುಟುಕಿಗೇ ಒಬ್ಬರು ಮುಖ ಕಿವುಚಿ "ಕಹಿ" ಎಂದರು. ಇನ್ನೊಬ್ಬರು, "ಓಕ್ ಇಲ್ಲ ಎಂದ ಮೇಲೆ ಒಗರು ಎಲ್ಲಿಂದ ಬರಬೇಕು? ಇದು ಹುಳಿ" ಎಂದು ತೀರ್ಪು ಕೊಟ್ಟರು. ಇಬ್ಬರೂ ಚನ್ನಗಿರಿ ಕಡೆಯ ಅಡಿಕೆ ತೋಟದವರು! ಹಸಿ ಅಡಿಕೆ ಕಚ್ಚಿ ಬೆಳೆದ ಬಾಯಿಗೆ ಒಗರಿನ ಗುರುತು ಸಿಗದಿದ್ದರೆ ಇನ್ನಾರಿಗೆ ಸಿಗಬೇಕು?

ಒಗರು ನಮ್ಮದೇ ಪದ. ತೆಲುಗಿನ ವಗರು ಇದರ ಒಡಹುಟ್ಟು. ಸಂಸ್ಕೃತದ ಆರು ರಸಗಳಲ್ಲಿ ಇದಕ್ಕೆ ಕಷಾಯ ಎಂದು ಹೆಸರು. ಆ ಹೆಸರನ್ನು ನಾವು ನೆಗಡಿಗೆ ಕುಡಿಯುವ ಮೆಣಸು ಶುಂಠಿಯ ನೀರಿಗೆ ಇಟ್ಟು, ಅದರೊಳಗಿದ್ದ ರುಚಿಯನ್ನು ಮರೆತೆವು. ಕಹಿ ಎಂದರೆ ತಿಕ್ತ. ಕಟು ಎಂದರೆ ಖಾರ. (ಕಟುಸತ್ಯವನ್ನು ಕಹಿಸತ್ಯ ಎಂದು ಬರೆಯುವವರ ವಿಚಾರ ಇನ್ನೊಂದು ದಿನಕ್ಕಿರಲಿ.) ಕಷಾಯಕ್ಕೆ ಕೆಂಗಂದು ಬಣ್ಣ ಎಂಬ ಅರ್ಥವೂ ಇದೆ, ಸನ್ಯಾಸಿಗಳ ಕಾಷಾಯ ವಸ್ತ್ರ ಬಂದದ್ದು ಅಲ್ಲಿಂದಲೇ. ರುಚಿಗೂ ಬಣ್ಣಕ್ಕೂ ಒಂದೇ ಪದ ಹೇಗಾಯಿತು ಎಂದು ಅಚ್ಚರಿಪಡುವವರು ಅಡಿಕೆ ಬೇಯಿಸುವ ಹಂಡೆಯೊಳಗೆ ಇಣುಕಿದರೆ ಸಾಕು. ಅಲ್ಲಿ ಉಳಿಯುವ ಚೊಗರು ಕೆಂಪಗೂ ಇರುತ್ತದೆ, ನಾಲಿಗೆಗೆ ಇಟ್ಟರೆ ಒಗರೂ ಹೌದು. ಕೆಂಪು ವೈನಿನದೂ ಅದೇ ಕಥೆ: ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಓಕ್ ಪೀಪಾಯಿ ಅದಕ್ಕೆ ಮರದ ಒಗರನ್ನೂ ವೆನಿಲಾ, ಲವಂಗದಂಥ ಪರಿಮಳವನ್ನೂ ಸೇರಿಸಬಲ್ಲದು, ಅಷ್ಟೆ. ಪೀಪಾಯಿ ಕಾಣದ ವೈನಿನಲ್ಲಿ ಸಿಗುವುದು ಹಣ್ಣಿನ ಸ್ವಂತ ಒಗರು. ಅಂದಿನ ಬಾಟಲಿಯಲ್ಲಿ ಅದನ್ನು ಹೆಚ್ಚಾಗಿ ತಂದದ್ದು ದಪ್ಪ ಸಿಪ್ಪೆಯ ಮೂರ್ವೆದ್ರ್ ಇರಬೇಕು. ಗ್ರೆನಾಶ್ ಆ ಮಟ್ಟಿಗೆ ಸಾಧು.

ಕಹಿಯನ್ನು ನಾಲಿಗೆ ರುಚಿಯಾಗಿ ಅರಿಯುತ್ತದೆ. ಒಗರು ಬಹುಮಟ್ಟಿಗೆ ಸ್ಪರ್ಶ. ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣವನ್ನು ಕೀಳುತ್ತದೆ. ಒಸಡು, ಕೆನ್ನೆಯ ಒಳಬದಿ ತರಿತರಿಯಾಗುತ್ತವೆ. ಚಿತ್ರದುರ್ಗದ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಬಾಳೆ ಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ನೆನೆಹಾಕುವ ನಮ್ಮ ಮನೆಯ ಹೆಂಗಸರಿಗೆ ಟ್ಯಾನಿನ್ ಹೆಸರು ಗೊತ್ತಿರಲಿಲ್ಲ, ಹಾಲಿನ ಪ್ರೋಟೀನು ಅದನ್ನು ಹಿಡಿಯುತ್ತದೆಂಬುದು ಕೈಗೆ ಗೊತ್ತಿತ್ತು. ಕೆಂಪು ವೈನಿನ ಜೊತೆ ಚೀಸ್ ಇಡುವವರು ಮಾಡುವುದೂ ಅದನ್ನೇ. ಮಿರ್ಚಿ ಮಂಡಕ್ಕಿಯನ್ನು ಮಾತ್ರ ದಯವಿಟ್ಟು ಇಡಬೇಡಿ. ಖಾರದ ಉರಿಯೂ ಒಗರೂ ಸೇರಿದರೆ ಹಣ್ಣಿನ ರುಚಿಗೆ ಜಾಗವೇ ಉಳಿಯುವುದಿಲ್ಲ.

"ಡ್ರೈ" ಎಂದರೂ ಒಗರಲ್ಲ. ವೈನಿನಲ್ಲಿ ಸಕ್ಕರೆ ಉಳಿದಿಲ್ಲ ಎಂದಷ್ಟೇ ಅರ್ಥ, ಬಾಯಿ ಒಣಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೂ ಅನುಮಾನವಿದ್ದರೆ ಬಾಟಲಿಯೂ ಬೇಡ. ಒಂದು ನೇರಳೆ ಹಣ್ಣು ತಿಂದು ನಾಲಿಗೆಯನ್ನು ಹಲ್ಲಿನ ಮೇಲೆ ಎಳೆಯಿರಿ. ಅದು ಜಾರದೆ ತಡೆಯುತ್ತದೆ. ಎರಡನೆಯದು, ಮೂರನೆಯದು ತಿನ್ನಿ. ತಡೆ ಹೆಚ್ಚುತ್ತಲೇ ಹೋಗುತ್ತದೆ. ಆಮೇಲೆ ಒಂದು ಚೂರು ಹಾಗಲಕಾಯಿ ಕಚ್ಚಿ.