"ಹದಿಮೂರು ವರ್ಷದವನು ಹದಿನಾಲ್ಕರೊಳಗೆ ಬರಲ್ವಾ, ಮೇಡಂ?"

ಮಳೆ ಹಿಡಿದು ಶಾಲೆಗಳಲ್ಲಿ ಫುಟ್‌ಬಾಲ್ ಸೆಲೆಕ್ಷನ್ ಶುರುವಾದರೆ ನನ್ನ ಕ್ಲಿನಿಕ್ಕಿಗೆ ಜ್ವರ, ಕೆಮ್ಮಿನ ಮಕ್ಕಳ ಜೊತೆ ಇನ್ನೊಂದು ಥರದ ಮಕ್ಕಳೂ ಬರುತ್ತಾರೆ. ಅವರಿಗೆ ಏನೂ ಆಗಿರುವುದಿಲ್ಲ. ಆಗಿರುವುದು ಅಪ್ಪ ಅಮ್ಮನಿಗೆ. ಟೀಮಿನ ಲಿಸ್ಟಿನಲ್ಲಿ ಮಗನ ಹೆಸರಿಲ್ಲ. "ಮೇಡಂ, ಇವನು ಬೆಳೀತಾನೇ ಇಲ್ಲ. ಏನಾದ್ರೂ ಟಾನಿಕ್ ಬರ್ಕೊಡಿ."

ನಾನು ಟಾನಿಕ್ ಬರೆಯುವುದಿಲ್ಲ. ಹುಟ್ಟಿದ ತಾರೀಕು ಕೇಳುತ್ತೇನೆ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಅಂದರೆ ಅರ್ಧ ರೋಗ ಅಲ್ಲಿಗೇ ಗುಣವಾದ ಹಾಗೆ.

ಹೋದ ವರ್ಷ ತೀರ್ಥಹಳ್ಳಿ ಕಡೆಯ ತೋಟದವರೊಬ್ಬರು ಮಗನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದಿದ್ದರು. ಹುಡುಗ ಎಂಟನೇ ಕ್ಲಾಸು. 2011ರ ಡಿಸೆಂಬರ್ ಕೊನೆಯಲ್ಲಿ ಹುಟ್ಟಿದವನು. ಅಪ್ಪ ಮಾತಾಡುತ್ತಿದ್ದಷ್ಟು ಹೊತ್ತೂ ಅವನು ನನ್ನ ಟೇಬಲ್ಲಿನ ಕೆಳಗೆ ಬಿದ್ದಿದ್ದ ಸಿರಪ್ ಬಾಟಲಿಯ ಮುಚ್ಚಳವೊಂದನ್ನು ಬಲಗಾಲಿನಿಂದ ಎಡಗಾಲಿಗೆ, ಎಡದಿಂದ ಬಲಕ್ಕೆ ಸದ್ದಿಲ್ಲದೆ ದಾಟಿಸುತ್ತಿದ್ದ. ಒಮ್ಮೆಯೂ ಕೆಳಗೆ ನೋಡಲಿಲ್ಲ. ಅಪ್ಪನ ಸಿಟ್ಟು ಬೇರೆ ಕಡೆ ಇತ್ತು. "ಇವನಿಗಿನ್ನೂ ಹದಿಮೂರು. ಹದಿನಾಲ್ಕರೊಳಗಿನ ಟೀಮಿಗೆ ಬರಲ್ಲ ಅಂತಾರೆ ಪಿ.ಟಿ. ಮೇಷ್ಟ್ರು. ಹದಿಮೂರು ಹದಿನಾಲ್ಕರೊಳಗೆ ಬರಲ್ವಾ, ಮೇಡಂ?"

ಬರುತ್ತದೆ, ಆದರೆ ಬರುವುದಿಲ್ಲ. ಲೆಕ್ಕ ಹಾಕುವುದು ಆಟದ ದಿನಕ್ಕಲ್ಲ, ವರ್ಷದ ಕೊನೆಯ ದಿನಕ್ಕೆ. 2025ರ ಡಿಸೆಂಬರ್ 31ಕ್ಕೆ ಹದಿನಾಲ್ಕು ತುಂಬಿರಬಾರದು ಅಂದರೆ 2012ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕು. ಇವನು ಹೆಚ್ಚುಕಡಿಮೆ ವರ್ಷವಿಡೀ ಹದಿಮೂರರಲ್ಲೇ ಇರುತ್ತಾನೆ, ಆದರೂ ಹದಿನೇಳರೊಳಗಿನ ಗುಂಪಿಗೆ ಹೋಗಬೇಕು. ಅಲ್ಲಿ ಮೀಸೆ ಚಿಗುರಿದವರ ನಡುವೆ ನಿಲ್ಲಬೇಕು. (ಯಾವ ಟೂರ್ನಿಗೆ ಯಾವ ತಾರೀಕು ಅನ್ನುವುದು ಬದಲಾಗಬಹುದು. ಆ ವರ್ಷದ ಸುತ್ತೋಲೆ ಓದಿ, ನನ್ನ ಮಾತನ್ನೇ ಹಿಡಿದುಕೊಂಡು ಮೇಷ್ಟ್ರ ಜೊತೆ ಜಗಳಕ್ಕೆ ಹೋಗಬೇಡಿ.)

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ದನಿ ತಗ್ಗಿಸಿದರು. "ತಾರೀಕನ್ನ ಒಂದು ನಾಲ್ಕು ದಿನ ಮುಂದಕ್ಕೆ ಹಾಕ್ಸಕ್ಕಾಗಲ್ವಾ?"

ಆಗುವುದಿಲ್ಲ. ಜನನ ಪ್ರಮಾಣ ಪತ್ರ 1969ರ ಕಾಯ್ದೆಯ ಪ್ರಕಾರ ನೋಂದಣಿ ಅಧಿಕಾರಿ ಕೊಡುವಂಥದ್ದು, ಮಕ್ಕಳ ಡಾಕ್ಟರ ಲೆಟರ್‌ಹೆಡ್ಡಿನ ಮೇಲೆ ಹುಟ್ಟುವಂಥದ್ದಲ್ಲ. ನಮ್ಮ ಅಪ್ಪಂದಿರ ಕಾಲ ಬೇರೆ. ಆಗ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರ್ ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಜೂನ್ 1 ಅಂತ ಬರೆದುಬಿಡುತ್ತಿದ್ದರು. ಅರ್ಧ ಊರೇ ಒಂದೇ ದಿನ ಹುಟ್ಟಿದೆ. ಆ ಧೈರ್ಯ ಇನ್ನೂ ಕೆಲವರಲ್ಲಿ ಉಳಿದಿದೆ ಅಷ್ಟೇ.

ಆದರೆ ನನಗೆ ಬೇಸರ ಬರಿಸುವುದು ಈ ನಾಲ್ಕು ದಿನದ ಕೋರಿಕೆ ಅಲ್ಲ. ಪಾಪ, ಕೇಳುತ್ತಾರೆ, ಇಲ್ಲ ಅಂದರೆ ಹೋಗುತ್ತಾರೆ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದಿರುವುದು ಇನ್ನೊಂದಿದೆ. ಒಂದೇ ಗುಂಪಿನಲ್ಲಿ ಆಡುವ ಮಕ್ಕಳ ವಯಸ್ಸು ಒಂದೇ ಅಲ್ಲ. ಇದನ್ನು ಇವತ್ತು ಬಿಡಿಸಿ ಹೇಳಿಯೇ ಬಿಡುತ್ತೇನೆ.

ಜನವರಿ 3ರಂದು ಹುಟ್ಟಿದವನು, ಅದೇ ವರ್ಷ ಡಿಸೆಂಬರ್ 28ರಂದು ಹುಟ್ಟಿದವನು, ಇಬ್ಬರದೂ ಒಂದೇ ಇಸವಿ, ಒಂದೇ ಟೀಮು. ನಡುವೆ ಹೆಚ್ಚುಕಡಿಮೆ ಒಂದು ವರ್ಷ. ನಮಗೆ ನಲವತ್ತು ದಾಟಿದವರಿಗೆ ಒಂದು ವರ್ಷ ಯಾವ ಲೆಕ್ಕ? ಹತ್ತು ವರ್ಷದ ಮಗುವಿಗೆ ಅದು ಬದುಕಿದ್ದರಲ್ಲಿ ಹತ್ತನೇ ಒಂದು ಭಾಗ. ಆ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ. ಅಂದರೆ ಡಿಸೆಂಬರಿನವನು ಆಟ ಶುರುವಾಗುವ ಮೊದಲೇ ಅಷ್ಟು ಹಿಂದೆ. ಇನ್ನು ಹರೆಯದ ಬೆಳವಣಿಗೆ ಬಂತೆಂದರೆ ಲೆಕ್ಕವೇ ತಪ್ಪುತ್ತದೆ. ಹುಡುಗರು ಅತಿ ಜೋರಾಗಿ ಉದ್ದವಾಗುವುದು ಸರಾಸರಿ ಹದಿನಾಲ್ಕರ ಆಸುಪಾಸು, ಹುಡುಗಿಯರು ಹನ್ನೆರಡರ ಆಸುಪಾಸು. ಆಗ ಹುಡುಗರು ವರ್ಷಕ್ಕೆ 8, 9, ಕೆಲವೊಮ್ಮೆ 10 ಸೆಂ.ಮೀ. ಏರುತ್ತಾರೆ. ಆದರೆ ಸರಾಸರಿ ಅಂದೆ. ಒಬ್ಬನಿಗೆ ಹನ್ನೆರಡಕ್ಕೇ ಬರುತ್ತದೆ, ಇನ್ನೊಬ್ಬನಿಗೆ ಹದಿನೈದು ದಾಟಬೇಕು. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ. ಬೇಗ ಬೆಳೆದ ಜನವರಿ ಹುಡುಗ, ತಡವಾಗಿ ಬೆಳೆಯುವ ಡಿಸೆಂಬರ್ ಹುಡುಗ ಎದುರುಬದುರಾದರೆ ಅದು ಅಣ್ಣ ತಮ್ಮನ ಆಟವೂ ಅಲ್ಲ, ಮಾವ ಅಳಿಯನ ಆಟ!

ತೋಟದವರಿಗೆ ನಾನು ಹೀಗೆ ಹೇಳುತ್ತೇನೆ. ಹೋದ ವರ್ಷ ನೆಟ್ಟ ಅಡಿಕೆ ಸಸಿಯ ಪಕ್ಕ ಈ ವರ್ಷ ನೆಟ್ಟಿದ್ದನ್ನು ನಿಲ್ಲಿಸಿ, ಇದರ ಜಾತಿ ಸರಿ ಇಲ್ಲ ಅಂತೀರಾ? ಆ ಮಾತು ತಕ್ಷಣ ಅರ್ಥವಾಗುತ್ತದೆ. ಮಗನ ವಿಷಯ ಬಂದರೆ ಮತ್ತೆ ಮರೆತುಹೋಗುತ್ತದೆ.

ಇನ್ನೊಂದು ಗೊಂದಲ ಶಾಲೆಯದು. "ಕ್ಲಾಸಲ್ಲಿ ಇವನೇ ದೊಡ್ಡವನು ಮೇಡಂ, ಟೀಮಲ್ಲಿ ಹೇಗೆ ಚಿಕ್ಕವನಾಗ್ತಾನೆ?" ಆಗುತ್ತಾನೆ. ಶಾಲೆಯ ವರ್ಷ ಜೂನ್‌ನಿಂದ, ಆಟದ ವರ್ಷ ಜನವರಿಯಿಂದ. ಆಗಸ್ಟಿನಲ್ಲಿ ಹುಟ್ಟಿದವನು ಕ್ಲಾಸಿನಲ್ಲಿ ಹಿರಿಯರ ಸಾಲು, ಆಟದಲ್ಲಿ ಕಿರಿಯರ ಸಾಲು. ಪಕ್ಕದ ಬೆಂಚಿನ ಫೆಬ್ರವರಿ ಹುಡುಗ ಇವನಿಗಿಂತ ಆರು ತಿಂಗಳು ಚಿಕ್ಕವನು, ಆದರೆ ಮುಂದಿನ ಇಸವಿಯವನು. ಹಾಗಾಗಿ ಅವನಿಗೆ ಹದಿನಾಲ್ಕರೊಳಗಿನ ಟೀಮಿನಲ್ಲಿ ಇನ್ನೊಂದು ವರ್ಷ ಸಿಗುತ್ತದೆ, ಅದೂ ದೊಡ್ಡವನಾಗಿ. ಹೋದ ವರ್ಷ ಕ್ಯಾಪ್ಟನ್ ಆಗಿದ್ದವನು ಈ ವರ್ಷ ಬೆಂಚಿನಲ್ಲಿ ಕೂರುವುದು ಇದಕ್ಕೇ. ಹುಡುಗ ಕೆಟ್ಟಿಲ್ಲ, ಮೊಬೈಲ್ ಜಾಸ್ತಿ ನೋಡಿದ್ದಕ್ಕೂ ಅಲ್ಲ, ಗುಂಪು ಬದಲಾಗಿದೆ.

ಅಮೆರಿಕದಲ್ಲೂ ಇದೇ ತಲೆನೋವು. ಅಲ್ಲಿ ಮೊದಲು ಆಗಸ್ಟ್ 1ರಿಂದ ಎಣಿಸುತ್ತಿದ್ದರು. 2015ರಲ್ಲಿ ಹುಟ್ಟಿದ ಇಸವಿಯ ಲೆಕ್ಕಕ್ಕೆ ಬದಲಿಸಲು ತೀರ್ಮಾನಿಸಿದರು. ಒಂದೇ ಕ್ಲಾಸಿನ ಗೆಳೆಯರು ಬೇರೆ ಬೇರೆ ಟೀಮಾದರು. ಈಗ 2026–27ರ ಸೀಸನ್‌ನಿಂದ ದೊಡ್ಡ ಸಂಸ್ಥೆಗಳು ಮತ್ತೆ ಆಗಸ್ಟ್ 1ಕ್ಕೆ ಮರಳುತ್ತಿವೆ. ಗೆಳೆಯರು ಒಟ್ಟಿಗೆ ಆಡುವುದು ಒಳ್ಳೆಯದೇ, ಮಕ್ಕಳು ಆಟ ಬಿಡದಿರಲು ಅದೇ ಮುಖ್ಯ ಕಾರಣ ಅಂತ ನನಗನ್ನಿಸುತ್ತದೆ. ಆದರೆ ತಾರೀಕು ಬದಲಿಸಿದರೆ ಚಿಕ್ಕವರ ಕಷ್ಟ ತೀರುತ್ತದೆ ಅಂದುಕೊಳ್ಳಬೇಡಿ. ಬೆಲ್ಜಿಯಂನಲ್ಲಿ 1997ರಲ್ಲಿ ಆಗಸ್ಟ್ 1 ಹೋಗಿ ಜನವರಿ 1 ಬಂತು. ಅದಕ್ಕೂ ಮೊದಲು ಒಳ್ಳೆಯ ಟೀಮುಗಳಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹುಟ್ಟಿದವರೇ ಜಾಸ್ತಿ ಇದ್ದರು. ಆಮೇಲೆ ಆ ಜಾಗಕ್ಕೆ ಜನವರಿಯಿಂದ ಮಾರ್ಚ್‌ನವರು ಬಂದರು. ಆಗಸ್ಟ್ ಮಕ್ಕಳ ಕಾಲು ಒಂದೇ ವರ್ಷದಲ್ಲಿ ಮೊಂಡಾಯಿತೇ? ಆಯ್ಕೆ ಹೀಗೆ ಸಾಲಿನ ದೊಡ್ಡವರ ಕಡೆಗೇ ವಾಲುವ ಓರೆಯನ್ನು ಕೆನಡಾದ ಐಸ್ ಹಾಕಿಯಲ್ಲಿ 1985ರಲ್ಲೇ ತೋರಿಸಿದ್ದರು.

ನಮ್ಮ ಮಲೆನಾಡಿನಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಆಗಸ್ಟಿನಲ್ಲಿ ಮೈದಾನ ಕೆಸರುಗದ್ದೆ. ಪಾಸ್ ಕೊಟ್ಟರೆ ಚೆಂಡು ನೀರಿನಲ್ಲಿ ಅಲ್ಲೇ ನಿಲ್ಲುತ್ತದೆ. ಕಾಲಿನ ಜಾಣತನ ಇರುವ ಪುಟ್ಟ ಹುಡುಗ ಏನು ಮಾಡಬೇಕು? ಯಾರ ಒದೆಗೆ ಚೆಂಡು ಮೇಲೆದ್ದು ದೂರ ಹೋಗುತ್ತದೋ ಅವನೇ ಹೀರೋ. ಲಿಸ್ಟಿನಲ್ಲಿ ಅವನ ಹೆಸರು ಬರುತ್ತದೆ. ಹೆಸರು ಬಂದವನಿಗೆ ಹೆಚ್ಚು ಮ್ಯಾಚು, ಹೆಚ್ಚು ಅಭ್ಯಾಸ, ಒಳ್ಳೆಯ ಕೋಚು. ಎರಡು ವರ್ಷದಲ್ಲಿ ಅವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ. ಆಗ "ನೋಡಿ, ನಾವು ಆರಿಸಿದ್ದು ಸರಿ ಆಯ್ತಲ್ಲ" ಅನ್ನುತ್ತಾರೆ.

ಈಗ ಮೆಸ್ಸಿ ವಿಷಯ. ಫೋನಿನಲ್ಲಿ ವಿಡಿಯೋ ನೋಡಿ ಬಂದ ಪ್ರತಿಯೊಬ್ಬ ಅಪ್ಪನೂ ಕೇಳುವ ಪ್ರಶ್ನೆ: "ಮೆಸ್ಸಿಗೆ ಇಂಜೆಕ್ಷನ್ ಕೊಟ್ರಂತಲ್ಲ, ನಮ್ಮವನಿಗೂ ಕೊಡಬಹುದಾ?" ಮೆಸ್ಸಿಗೆ ಬೆಳವಣಿಗೆಯ ಹಾರ್ಮೋನಿನ ಕೊರತೆ ಇತ್ತು. ಅದು ಕಾಯಿಲೆ, ಪರೀಕ್ಷೆ ಮಾಡಿ ಪತ್ತೆ ಹಚ್ಚಿದ್ದು. ನಿಮ್ಮವನಿಗೆ ಇರುವುದು ಡಿಸೆಂಬರ್. ಅದಕ್ಕೆ ಇಂಜೆಕ್ಷನ್ ಇಲ್ಲ. ಉದಾಹರಣೆ ಬೇಕೇ ಬೇಕು ಅಂದರೆ ಹ್ಯಾರಿ ಕೇನ್‌ನನ್ನು ನೋಡಿ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ರಿಂದ ಲೆಕ್ಕ, ಅವನು ಹುಟ್ಟಿದ್ದು 1993ರ ಜುಲೈ 28. ತನ್ನ ಸಾಲಿನಲ್ಲಿ ಬಹಳ ಕಿರಿಯವನು. ಚಿಕ್ಕಂದಿನಲ್ಲಿ ಆರ್ಸೆನಲ್ ಅವನನ್ನು ಕೈಬಿಟ್ಟಿತ್ತು. ಈಗ ಇಂಗ್ಲೆಂಡ್ ತಂಡಕ್ಕೆ ಅತಿ ಹೆಚ್ಚು ಗೋಲು ಹೊಡೆದವನು ಅವನೇ. ಕೈಬಿಟ್ಟವರೆಲ್ಲ ಕೇನ್ ಆಗುತ್ತಾರೆ ಅಂತ ನಾನು ಹೇಳಿಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ.

ಮಣಿಕಟ್ಟಿನ ಎಕ್ಸ್‌ರೇ ಕೇಳುವವರೂ ಇದ್ದಾರೆ. ಅದು ಮೂಳೆ ಎಷ್ಟು ಬಲಿತಿದೆ ಅನ್ನುವುದನ್ನು ಹೇಳುತ್ತದೆ, ಹುಟ್ಟಿದ ದಿನವನ್ನಲ್ಲ. ಒಂದು ವರ್ಷ ಆಚೀಚೆ ಬರುವುದು ಸಾಮಾನ್ಯ. ಬೆಳವಣಿಗೆಯಲ್ಲಿ ನಿಜವಾದ ಅನುಮಾನ ಇದ್ದರೆ ನಾನೇ ಬರೆಯುತ್ತೇನೆ. ಎದುರು ಟೀಮಿನ ಡಿಫೆಂಡರ್ ದೊಡ್ಡವನ ಹಾಗೆ ಕಾಣುತ್ತಾನೆ ಅಂತ ನಿಮ್ಮ ಮಗನ ಎಕ್ಸ್‌ರೇ ತೆಗೆದು ಏನು ಮಾಡುವುದು?

ಪಿ.ಟಿ. ಮೇಷ್ಟ್ರುಗಳಿಗೂ ಒಂದು ಮಾತು. ಅವರನ್ನು ಬೈಯುವುದು ನನಗೆ ಇಷ್ಟವಿಲ್ಲ. ಒಬ್ಬರೇ ಕಬಡ್ಡಿ, ಖೋಖೋ, ಫುಟ್‌ಬಾಲ್, ಮಧ್ಯಾಹ್ನದ ಊಟದ ಸಾಲು ಎಲ್ಲ ನೋಡಬೇಕು. ಆದರೆ ಖರ್ಚಿಲ್ಲದ ಉಪಾಯವೊಂದಿದೆ. ನೆದರ್ಲೆಂಡ್ಸ್‌ನಲ್ಲಿ ಆಟಗಾರರನ್ನು ಆರಿಸುವವರ ಮೇಲೆ ಪ್ರಯೋಗ ಮಾಡಿ ನೋಡಿದರು. ಮಕ್ಕಳ ಹುಟ್ಟಿದ ತಾರೀಕಿನ ಪಟ್ಟಿ ಕೈಗೆ ಕೊಟ್ಟರೂ ಅವರು ದೊಡ್ಡವರನ್ನೇ ಆರಿಸಿದರು. ಅಂಗಿಯ ನಂಬರನ್ನೇ ವಯಸ್ಸಿನ ಕ್ರಮದಲ್ಲಿ ಕೊಟ್ಟಾಗ ಆ ಓರೆ ಹೋಯಿತು. ಓಡುತ್ತಿರುವ ಹುಡುಗನ ಬೆನ್ನ ಮೇಲೇ ಅವನು ಎಷ್ಟು ಚಿಕ್ಕವನು ಅಂತ ಕಾಣುತ್ತಿರಬೇಕು. ಸೆಲೆಕ್ಷನ್ ದಿನ ಬೆನ್ನಿಗೆ ಕಾಗದ ಪಿನ್ ಮಾಡಿದರೂ ಸಾಕು. ಮಳೆ ಇದ್ದರೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ.

ಹಾಗಂತ ಡಿಸೆಂಬರ್ ಅಂದ ಕೂಡಲೇ ಎಲ್ಲವನ್ನೂ ತಳ್ಳಿಹಾಕುವುದೂ ತಪ್ಪು. ಹರೆಯ ಬರುವ ಮೊದಲು ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆಯುತ್ತಿದ್ದರೆ, ಹುಡುಗನಿಗೆ 14 ತುಂಬಿದರೂ ಹುಡುಗಿಗೆ 13 ತುಂಬಿದರೂ ಹರೆಯದ ಲಕ್ಷಣ ಒಂದೂ ಕಾಣದಿದ್ದರೆ ತೋರಿಸಲೇಬೇಕು. ಆಟದ ದಿನಗಳಲ್ಲಿ ಹಿಮ್ಮಡಿ ಅಥವಾ ಮಂಡಿಯ ಕೆಳಗಿನ ಮೂಳೆಯ ಉಬ್ಬು ನೋಯುತ್ತದೆ ಅಂದರೂ ಬನ್ನಿ. ಜೋರಾಗಿ ಬೆಳೆಯುವ ಕಾಲದಲ್ಲಿ ಅದು ಬರುವಂಥದ್ದೇ, ಆದರೆ ಎಣ್ಣೆ ತಿಕ್ಕಿ ಮತ್ತೆ ಮೈದಾನಕ್ಕೆ ಕಳಿಸಬೇಡಿ. ಬರುವಾಗ ಹಳೆಯ ಹೈಟಿನ ಲೆಕ್ಕ ತನ್ನಿ. ತಾಯಿ ಕಾರ್ಡ್, ಶಾಲೆಯ ಆರೋಗ್ಯ ತಪಾಸಣೆಯ ಚೀಟಿ, ಯಾವುದಾದರೂ ಸರಿ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದರೆ ಅದರ ಫೋಟೋ ತಂದರೂ ಆಯಿತು, ಪಕ್ಕದಲ್ಲಿ ತಾರೀಕು ಬರೆದಿರಬೇಕು ಅಷ್ಟೇ.