ಉಳಿತಾಯ ಗುಂಪು ಮೈಕ್ರೋಫೈನಾನ್ಸ್ ಅಲ್ಲ

ಆಫ್ರಿಕಾದ ಹಳ್ಳಿ ಹೆಂಗಸರು ಸಣ್ಣ ವ್ಯಾಪಾರ ಶುರು ಮಾಡಿದ ಸುದ್ದಿ ಬಂದಾಗಲೆಲ್ಲ ನಮ್ಮವರ ಕೈಗೆ ಸಿಗುವುದು ಒಂದೇ ಪದ: ಮೈಕ್ರೋಫೈನಾನ್ಸ್. ಮೊನ್ನೆ ನೈಜರ್ ದೇಶದ ಹಳ್ಳಿಯೊಂದರ ಫೋಟೋ ಕೆಳಗೂ ಅದೇ ಇತ್ತು. ಫೋಟೋದಲ್ಲಿ ಇದ್ದದ್ದು ಮೂರು ಬೀಗದ ಕಬ್ಬಿಣದ ಪೆಟ್ಟಿಗೆ. ಸಾಲ ಕೊಡುವ ಕಂಪನಿಗೆ ಆ ಪೆಟ್ಟಿಗೆ ಯಾಕೆ ಬೇಕು? ಅದು ಹೆಂಗಸರು ತಾವೇ ಕಾಸು ಕೂಡಿಟ್ಟು ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಉಳಿತಾಯ ಗುಂಪಿನ ಪೆಟ್ಟಿಗೆ.

ಮೈಕ್ರೋಫೈನಾನ್ಸ್‌ನಲ್ಲಿ ಹಣ ಹೊರಗಿನಿಂದ ಬರುತ್ತದೆ, ಬಡ್ಡಿ ಹೊರಗೇ ಹೋಗುತ್ತದೆ. ಉಳಿತಾಯ ಗುಂಪಿನಲ್ಲಿ ಹಣವೂ ಆ ಹೆಂಗಸರದ್ದೇ, ಬಡ್ಡಿ ಸೇರುವುದೂ ಅವರಿಗೇ. ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ, ಅವರು ಕೂಡಿಟ್ಟ ಕಾಸಿನ ಶ್ರೇಯ ಇನ್ಯಾರಿಗೋ ಹೋಗುತ್ತದೆ.

ಈ ಬಗೆಯ ಗುಂಪು ಶುರುವಾದದ್ದು 1991ರಲ್ಲಿ, ನೈಜರ್‌ನ ಮರಾದಿ ಪ್ರದೇಶದಲ್ಲಿ, ಕೇರ್ ಅನ್ನುವ ಅಂತರರಾಷ್ಟ್ರೀಯ ಸೇವಾ ಸಂಸ್ಥೆಯ ನೆರವಿನಿಂದ. ಆದರೆ ಬೇರು ಹಳೆಯದು. ಆ ಕಡೆಯ ಹೌಸಾ ಭಾಷೆಯವರಲ್ಲಿ ಅದಾಶಿ ಅಂತ ಒಂದು ಪದ್ಧತಿ ಮೊದಲಿಂದಲೂ ಇದೆ. ಹರಾಜು ಇಲ್ಲದ ಚೀಟಿ ಅನ್ನಬಹುದು. ಎಲ್ಲರೂ ಸಮನಾಗಿ ಹಾಕುತ್ತಾರೆ, ಸರದಿ ಬಂದವಳು ಅಷ್ಟನ್ನೂ ಎತ್ತುತ್ತಾಳೆ. ಫ್ರೆಂಚ್ ಬಲ್ಲವರು ಇದನ್ನೇ ತೊಂತೀನ್ ಅನ್ನುತ್ತಾರೆ. ಅದು 17ನೇ ಶತಮಾನದಲ್ಲಿ ಫ್ರಾನ್ಸಿನ ಸರ್ಕಾರಕ್ಕೆ ಹಣ ಎತ್ತುವ ಯೋಜನೆ ಕೊಟ್ಟ ಇಟಲಿಯ ಲೊರೆಂಜೊ ದೆ ತೊಂತಿಯ ಹೆಸರಿಂದ ಬಂದ ಪದ. ಅವನ ಯೋಜನೆಯಲ್ಲಿ ಸತ್ತವರ ಪಾಲಿನ ಆದಾಯ ಉಳಿದವರಿಗೆ ಸೇರುತ್ತಿತ್ತು. ಅದಾಶಿಯಲ್ಲಿ ಅಂಥದ್ದೇನೂ ಇಲ್ಲ. ಹೆಸರು ಮಾತ್ರ ಬಂದು ಅಂಟಿಕೊಂಡಿದೆ.

ಅದಾಶಿಯ ತೊಡಕು ಏನಂದ್ರೆ, ಸರದಿ ಬಂದಾಗಲೇ ದುಡ್ಡು. ಮರಾದಿ ಕಡೆ ಹೆಂಗಸರು ಕಡಲೆಕಾಯಿ ಎಣ್ಣೆ ತೆಗೆಯುತ್ತಾರೆ. ಬೀಜ ಹುರಿದು, ರುಬ್ಬಿ, ನೀರು ಚಿಮುಕಿಸಿ ನಾದಿ, ಎಣ್ಣೆ ಹಿಂಡುತ್ತಾರೆ. ಉಳಿದ ಹಿಂಡಿಯನ್ನು ಬೆರಳುದ್ದ ಹೊಸೆದು ಅದೇ ಎಣ್ಣೆಯಲ್ಲಿ ಕರಿದರೆ ಕುಲಿಕುಲಿ, ಸಂತೆಯಲ್ಲಿ ಮಾರುವ ತಿಂಡಿ. ಕಡಲೆಕಾಯಿ ಅಗ್ಗವಾಗುವುದು ಸುಗ್ಗಿಯಲ್ಲಿ. ಸರದಿ ಅದಾಗಿ ನಾಲ್ಕು ತಿಂಗಳಿಗೆ ಬಂದರೆ ಏನು ಲಾಭ?

ಹೊಸ ಗುಂಪು ಬಿಡಿಸಿದ ಗಂಟು ಇದೇ. ಹಣ ಪೆಟ್ಟಿಗೆಯಲ್ಲಿ ಕೂಡುತ್ತಾ ಹೋಗುತ್ತದೆ, ಬೇಕಾದವಳು ಬೇಕಾದಾಗ ಸಾಲ ಕೇಳುತ್ತಾಳೆ. ಮೂರು ಕೀಲಿ ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಎಲ್ಲರ ಎದುರಿಗೇ ತೆರೆದು, ಎಲ್ಲರ ಎದುರಿಗೇ ಎಣಿಸುತ್ತಾರೆ. ಮೊದಲ ಗುಂಪುಗಳು ಲೆಕ್ಕವನ್ನು ನೆನಪಿನಲ್ಲೇ ಇಟ್ಟಿದ್ದವು. ಈಗ ಬಹಳಷ್ಟು ಕಡೆ ಒಬ್ಬೊಬ್ಬರೂ ಒಂದು ಸಭೆಗೆ 1ರಿಂದ 5 ಷೇರು, ಅಂದರೆ ಗುಂಪೇ ಬೆಲೆ ಗೊತ್ತು ಮಾಡಿದ ಉಳಿತಾಯದ ಪಾಲು, ಕೊಳ್ಳುತ್ತಾರೆ, ಷೇರಿಗೊಂದು ಮುದ್ರೆ ಪಾಸ್‌ಬುಕ್‌ನಲ್ಲಿ ಬೀಳುತ್ತದೆ. ಓದು ಬರದವಳೂ ಎಣಿಸಿಕೊಳ್ಳಬಹುದು.

ಮರಾದಿಯ ಈ ಗುಂಪುಗಳಿಗೆ ಮಾತಾ ಮಾಸು ದುಬಾರಾ ಅಂತ ಹೆಸರು. ಮಾತಾ ಅಂದರೆ ನಮ್ಮ ಮಾತೆ ಅಲ್ಲ, ಹೌಸಾದಲ್ಲಿ ಹೆಂಗಸರು. ದುಬಾರಾ ಕೂಡ ಹಿಂದಿಯ 'ಮತ್ತೊಮ್ಮೆ' ಅಲ್ಲ, ಉಪಾಯ. ಉಪಾಯ ಬಲ್ಲ ಹೆಂಗಸರು. ಸಾಲ ಪಡೆದವರು ಅನ್ನುವ ಅರ್ಥ ಅದರಲ್ಲಿ ಎಲ್ಲೂ ಇಲ್ಲ, ನೋಡಿ.

ಇಂಥ ಗುಂಪುಗಳಲ್ಲಿ ತಿಂಗಳಿಗೆ ನೂರಕ್ಕೆ 5, 10ರಂತೆ ಬಡ್ಡಿ ಇರುವುದುಂಟು. ಕೇಳಿದ ಕೂಡಲೇ ಮೀಟರ್ ಬಡ್ಡಿ ಅಂತ ಸುಮ್ನೆ ಕೂಗಬೇಡಿ. ದರ ಗೊತ್ತು ಮಾಡಿದವರು ಅವರೇ. ಒಂಬತ್ತು ಹತ್ತು ತಿಂಗಳೋ ವರ್ಷವೋ ಆದ ಮೇಲೆ ಪೆಟ್ಟಿಗೆ ಖಾಲಿ ಮಾಡಿ ಉಳಿತಾಯದ ಜೊತೆ ಬಡ್ಡಿಯನ್ನೂ ಹಂಚಿಕೊಳ್ಳುತ್ತಾರೆ. ಜಾಸ್ತಿ ಉಳಿಸಿ ಕಡಿಮೆ ಸಾಲ ಮಾಡಿದವಳಿಗೆ ಲಾಭ ಹೆಚ್ಚು, ತೀರಾ ಬಡವಳಿಗೆ ಕಡಿಮೆ. ಈ ದೂರು ನ್ಯಾಯವಾದದ್ದೇ.

ಹಾಗಾದ್ರೆ ನಮ್ಮ ಸ್ವಸಹಾಯ ಸಂಘದ ಹೆಸರನ್ನೇ ಕೊಡಬಹುದಾ? ಹತ್ತಿರ ಬರುತ್ತದೆ, ಆದರೆ ಪೂರ್ತಿ ಹೊಂದುವುದಿಲ್ಲ. ನಬಾರ್ಡ್ 1992ರಲ್ಲಿ ಶುರು ಮಾಡಿದ ಯೋಜನೆಯಿಂದ ನಮ್ಮ ಸಂಘಗಳು ಬ್ಯಾಂಕಿಗೆ ಜೋಡಣೆಯಾದವು. ಸಂಘದ ಉಳಿತಾಯ ತೋರಿಸಿ ಬ್ಯಾಂಕ್ ಸಾಲ ತರುವುದು ಇಲ್ಲಿನ ದಾರಿ. ಮರಾದಿಯವರು ತಮ್ಮ ಪೆಟ್ಟಿಗೆಯಲ್ಲಿ ಇದ್ದಷ್ಟರಲ್ಲೇ ಶುರು ಮಾಡಿದರು. ಅದಕ್ಕೆ ಉಳಿತಾಯ ಗುಂಪು ಅನ್ನುವುದೇ ಸರಿ.