ಗೋವಾದ ಅದಿರು: ಮಾಲೀಕ ಯಾರು ಅಂತ ಕೇಳಲು ಐವತ್ತು ವರ್ಷ ಬೇಕಾಯಿತು

ಗೋವಾದ ಗಣಿ ಊರು ಡಿಚೋಲಿಗೆ ಬಂದ ಹೊಸತರಲ್ಲಿ ನಮಗೆ ಪಕ್ಕದ ಮನೆಯವರು ಹೇಳಿಕೊಟ್ಟ ಮೊದಲ ಪಾಠ, ಬಟ್ಟೆಯನ್ನು ರಸ್ತೆ ಕಡೆ ಒಣಹಾಕಬೇಡಿ ಅನ್ನುವುದು. ನಾವು ಕೇಳಲಿಲ್ಲ. ಮಗನ ಬಿಳಿ ಯೂನಿಫಾರ್ಮ್ ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಬಣ್ಣವಾಗಿತ್ತು. ಅದು 2009. ಕಬ್ಬಿಣದ ಅದಿರು ತುಂಬಿದ ಟಿಪ್ಪರ್‌ಗಳು ಒಂದರ ಹಿಂದೆ ಒಂದು ನದಿ ದಂಡೆಯ ಜೆಟ್ಟಿಗೆ ಓಡುತ್ತಿದ್ದವು. ಅಲ್ಲಿಂದ ಬಾರ್ಜ್‌ಗಳು, ಅಂದರೆ ಸರಕು ದೋಣಿಗಳು, ಮಾಂಡವಿ ನದಿಯಲ್ಲಿ ಮುರ್ಗಾಂವ್ ಬಂದರಿಗೆ. ಟಿಪ್ಪರ್ ಓಡಿಸುವವರಲ್ಲಿ ಬಾಗಲಕೋಟೆ, ವಿಜಯಪುರ, ಗದಗದ ಹುಡುಗರು ಬಹಳ. ಚಹಾ ಅಂಗಡಿಯಲ್ಲಿ ಕೊಂಕಣಿಗಿಂತ ನಮ್ಮ ಕನ್ನಡವೇ ಜಾಸ್ತಿ ಕೇಳಿಸುತ್ತಿತ್ತು.

2012ರ ಸೆಪ್ಟೆಂಬರ್‌ನಲ್ಲಿ ಅಷ್ಟೂ ನಿಂತುಹೋಯಿತು. ಊರಿನ ಕಡೆ ಈಗಲೂ "ಗೋವಾದ ಗಣಿ ಕೋರ್ಟ್ ಬಂದ್ ಮಾಡಿತು" ಅಂತಾರೆ. ಅದು ಅರ್ಧ ಸತ್ಯ. ಮೊದಲು ನಿಲ್ಲಿಸಿದ್ದು ರಾಜ್ಯ ಸರ್ಕಾರ. ನಿಲ್ಲಿಸದೆ ಬೇರೆ ದಾರಿಯೇ ಇಲ್ಲದಂಥ ಪರಿಸ್ಥಿತಿ ತಂದದ್ದೂ ಒಂದರ ಮೇಲೊಂದು ಬಂದ ಸರ್ಕಾರಗಳೇ.

ಇದರ ಬೇರು ಪೋರ್ಚುಗೀಸರ ಕಾಲದ್ದು. 1906ರ ಅವರ ಗಣಿ ಕಾನೂನಿನ ಅಡಿಯಲ್ಲಿ ಅದಿರು ಸಿಕ್ಕ ಗುಡ್ಡಕ್ಕೆ ಹಕ್ಕುಪತ್ರ ಸಿಗುತ್ತಿತ್ತು. ಅದಕ್ಕೆ ಅವಧಿ ಅಂತಲೇ ಇರಲಿಲ್ಲ. ಅಪ್ಪನಿಂದ ಮಗನಿಗೆ ಬರುವ ಹೊಲದ ಹಾಗೆ, ಗುಡ್ಡದ ಹೊಟ್ಟೆಯಲ್ಲಿದ್ದ ಕಬ್ಬಿಣವೂ ಮನೆತನದ ಆಸ್ತಿಯಾಯಿತು. ಎರಡನೇ ಮಹಾಯುದ್ಧದ ನಂತರ ಜಪಾನಿನ ಉಕ್ಕಿನ ಕಾರ್ಖಾನೆಗಳು ಗೋವಾದ ಅದಿರು ಕೊಳ್ಳಲು ಶುರುಮಾಡಿದ ಮೇಲೆ ಆ ಹಾಳೆಗಳಿಗೆ ಬಂಗಾರದ ಬೆಲೆ ಬಂತು.

1961ರ ಡಿಸೆಂಬರ್ 19ಕ್ಕೆ ಗೋವಾ ಬಿಡುಗಡೆ ಆಯಿತು. ಆದರೆ ಆ ಹಕ್ಕುಪತ್ರಗಳು ಹಾಗೇ ಉಳಿದವು. ಬಾವುಟ ಬದಲಾಯಿತು, ಗಣಿಗಳ ಒಡೆಯರು ಬದಲಾಗಲಿಲ್ಲ. ಸಂಸತ್ತು ಕಾನೂನು ತಂದು ಅವನ್ನು ರದ್ದು ಮಾಡಿ, ಮಾಮೂಲಿ ಗಣಿ ಗುತ್ತಿಗೆ ಅಂತ ಬದಲಿಸಿದ್ದು 1987ರಲ್ಲಿ. ಅಂದರೆ ಇಪ್ಪತ್ತಾರು ವರ್ಷದ ಮೇಲೆ. ಮಾಲೀಕರು ಅದನ್ನೂ ಕೋರ್ಟಿನಲ್ಲಿ ಪ್ರಶ್ನಿಸಿದರು.

ಆ ಗುತ್ತಿಗೆಗಳ ಅವಧಿ 2007ರ ನವೆಂಬರ್ 22ಕ್ಕೆ ಮುಗಿಯಿತು. ನವೀಕರಣಕ್ಕೆ ಹಾಕಿದ ಅರ್ಜಿಗಳು ಸರ್ಕಾರದ ಮೇಜಿನ ಮೇಲೆ ಕೂತವು. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಅರ್ಜಿ ಹಾಕಿದ್ದೇವಲ್ಲ, ಅವಧಿ ಮುಂದುವರಿದ ಹಾಗೇ ಅಂತ ಅಗೆತ ಸಾಗಿತು. ಒಂದು ರಾಜ್ಯದ ಅತಿ ದೊಡ್ಡ ಸಂಪತ್ತು ಐದು ವರ್ಷ ಹೀಗೆ, ಒಂದು ಸಹಿಯೂ ಇಲ್ಲದೆ ಹೊರಗೆ ಹೋಯಿತು. ಇಡೀ ಕಥೆಯಲ್ಲಿ ನನಗೆ ಜಾಸ್ತಿ ಸಂಕಟ ಕೊಡುವುದು ಇದೇ. ಯಾಕೆಂದರೆ ಚೀನಾ ಎಷ್ಟು ಕೊಟ್ಟರೂ ಕೊಳ್ಳುತ್ತಿದ್ದ ವರ್ಷಗಳು ಅವು. 2010-11ರಲ್ಲಿ ಗೋವಾದಿಂದ ಹೋದ ಅದಿರು 5 ಕೋಟಿ ಟನ್ ದಾಟಿತ್ತು. ಅದರಲ್ಲಿ ನಮ್ಮ ಕರ್ನಾಟಕದ ಅದಿರೂ ಇತ್ತು. ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಧನ ನೋಡಿದರೆ, 2009ರವರೆಗೆ ಟನ್‌ಗೆ ಇಷ್ಟು ರೂಪಾಯಿ ಅಂತ ನಿಗದಿ. ಬೆಲೆ ಎಷ್ಟೇ ಏರಲಿ, ಜನರ ಪಾಲು ಅಷ್ಟೇ. ಆ ವರ್ಷ ಕೇಂದ್ರ ಸರ್ಕಾರ ಅದನ್ನು ಬೆಲೆಯ ಶೇ. 10 ಅಂತ ಮಾಡಿತು.

ನೀರಿನ ಮಾತಿಗೆ ಬರೋಣ. ಇಲ್ಲಿನ ಗುಡ್ಡಗಳ ಮೇಲ್ಪದರ ಜಂಬಿಟ್ಟಿಗೆ. ಮಳೆಗಾಲದ ನೀರನ್ನು ಹೀರಿಕೊಂಡು, ಬೇಸಿಗೆಯಲ್ಲಿ ಕೆಳಗಿನ ಬಾವಿಗೆ, ಒರತೆಗೆ, ಅಡಿಕೆ ತೋಟಕ್ಕೆ ಸ್ವಲ್ಪ ಸ್ವಲ್ಪ ಬಿಡುವುದು ಆ ಗುಡ್ಡವೇ. ಗಣಿ ಮೊದಲು ಆ ಪದರವನ್ನೇ ತೆಗೆಯುತ್ತದೆ. ಒಂದು ಟನ್ ಅದಿರಿಗೆ ಎರಡು ಮೂರು ಟನ್ ಮಣ್ಣು ಎತ್ತಿ ಪಕ್ಕದಲ್ಲಿ ರಾಶಿ ಹಾಕುತ್ತಾರೆ. ಮಳೆ ಬಂದರೆ ಆ ರಾಶಿ ಕರಗಿ ಗದ್ದೆಗೆ ಇಳಿಯುತ್ತದೆ. ಹೊಂಡ ಅಂತರ್ಜಲಕ್ಕಿಂತ ಕೆಳಗೆ ಹೋದರೆ ಹಗಲೂ ರಾತ್ರಿ ಪಂಪ್ ಹಚ್ಚಿ ನೀರು ಹೊರಗೆ ಹಾಕಬೇಕು. ಆಗ ಸುತ್ತಲಿನ ಬಾವಿಗಳ ನೀರು ಹೊಂಡದ ಕಡೆ ಸರಿಯುತ್ತದೆ.

ಲೈರಾಯಿ ದೇವಿ ಜಾತ್ರೆ ನಡೆಯುವ ಶಿರಗಾಂವ್‌ನಲ್ಲಿ ಆದದ್ದು ಅದೇ. ಅಲ್ಲಿನ ಒಬ್ಬ ಅಜ್ಜಿ ತಮ್ಮ ಬಾವಿ ಹಗ್ಗ ನನಗೆ ತೋರಿಸಿದ್ದರು. ಅದರಲ್ಲಿ ಎರಡು ದಪ್ಪ ಗಂಟು. ನೀರು ಕೆಳಗಿಳಿದು ಹಗ್ಗ ಸಾಲದೆ ಬಂದಾಗ ಇನ್ನೊಂದು ತುಂಡು ಕಟ್ಟಿದ ಗಂಟುಗಳು. ಇದು ಇಂಥ ಬೇಸಿಗೆ, ಇದು ಇಂಥ ಬೇಸಿಗೆ ಅಂತ ಬೆರಳಿಟ್ಟು ಹೇಳಿದರು.

2010ರಲ್ಲಿ ಕೇಂದ್ರ ಸರ್ಕಾರ ಅಕ್ರಮ ಗಣಿಗಾರಿಕೆಯ ತನಿಖೆಗೆ ನ್ಯಾಯಮೂರ್ತಿ ಎಂ.ಬಿ. ಶಾ ಆಯೋಗ ನೇಮಿಸಿತು. ನಮ್ಮ ಲೋಕಾಯುಕ್ತ ಸಂತೋಷ್ ಹೆಗ್ಡೆ ಬಳ್ಳಾರಿಯ ಬಗ್ಗೆ ವರದಿ ಕೊಟ್ಟು, ಸುಪ್ರೀಂ ಕೋರ್ಟ್ ಅಲ್ಲಿ ಗಣಿ ನಿಲ್ಲಿಸಿದ್ದು 2011ರಲ್ಲಿ. ಮರುವರ್ಷ ಗೋವಾದ ಸರದಿ. ಶಾ ಆಯೋಗ ಅಂದಾಜಿಸಿದ ನಷ್ಟ ಸುಮಾರು 35,000 ಕೋಟಿ ರೂಪಾಯಿ. ವರದಿ ಸಂಸತ್ತಿಗೆ ಬಂದ ಕೆಲವೇ ದಿನಗಳಲ್ಲಿ ಮನೋಹರ್ ಪರಿಕ್ಕರ್ ಸರ್ಕಾರ ಗಣಿ ನಿಲ್ಲಿಸಿತು. ಗೋವಾ ಫೌಂಡೇಶನ್ ಅನ್ನುವ ಪರಿಸರ ಸಂಘಟನೆಯ ಅರ್ಜಿಯ ಮೇಲೆ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಬಂತು.

2014ರ ಏಪ್ರಿಲ್ 21ರ ತೀರ್ಪು ಬಹಳ ದೊಡ್ಡದು. 2007ರ ನವೆಂಬರ್ ನಂತರ ತೆಗೆದದ್ದೆಲ್ಲ ಅಕ್ರಮ ಅಂತ ಅದು ಹೇಳಿತು. ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿತು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿ ಬೇಡ ಅಂದಿತು. ಅದಿರು ಮಾರಿದ ದುಡ್ಡಿನಲ್ಲಿ ಶೇ. 10 ಒಂದು ಶಾಶ್ವತ ನಿಧಿಗೆ ಹೋಗಬೇಕು ಅಂತಲೂ ಹೇಳಿತು. ಮೊಮ್ಮಕ್ಕಳ ಪಾಲು ಅನ್ನುವುದು ಗೋವಾದ ಲೆಕ್ಕದ ಪುಸ್ತಕಕ್ಕೆ ಬಂದದ್ದು ಆಗ.

ಅಷ್ಟಾದರೂ ರಾಜ್ಯ ಸರ್ಕಾರ ಅದೇ ಹಳೇ ಗುತ್ತಿಗೆದಾರರಿಗೆ 88 ಗುತ್ತಿಗೆ ನವೀಕರಿಸಿ ಕೊಟ್ಟಿತು. 2015ರ ಜನವರಿ 12ಕ್ಕೆ, ಗಣಿ ಕೊಡಬೇಕಾದರೆ ಹರಾಜೇ ಆಗಬೇಕು ಅನ್ನುವ ಕೇಂದ್ರದ ಸುಗ್ರೀವಾಜ್ಞೆ ಬಂತು. ಆ ದಿನವೇ ಸಹಿಯಾದ ನವೀಕರಣಗಳೂ ಇದ್ದವು! ಇಷ್ಟು ಅವಸರ ಯಾರಿಗಾಗಿ? 2018ರ ಫೆಬ್ರವರಿ 7ಕ್ಕೆ ಸುಪ್ರೀಂ ಕೋರ್ಟ್ ಎಂಬತ್ತೆಂಟನ್ನೂ ರದ್ದು ಮಾಡಿತು. ಮಾರ್ಚ್ ಮಧ್ಯದಲ್ಲಿ ಗಣಿ ಎರಡನೇ ಸಲ ನಿಂತಿತು. ನಡುವೆ 2017ರಲ್ಲಿ ಸತ್ತರಿಯ ಸೋನ್ಶಿಯಲ್ಲಿ ಧೂಳು ತಾಳಲಾರದೆ ಲಾರಿ ತಡೆದ ಊರವರು ಜೈಲು ನೋಡಿ ಬಂದರು. ಅವರಲ್ಲಿ ಹೆಂಗಸರೂ ಇದ್ದರು.

ನಿಂತಾಗ ಮೊದಲು ಖಾಲಿ ಕೈಯಾದವರು ನಮ್ಮವರು. ನನ್ನ ಸೋದರಮಾವನ ಮಗ ಒಬ್ಬರ ಟಿಪ್ಪರ್ ಓಡಿಸುತ್ತಿದ್ದ. ಎರಡು ತಿಂಗಳ ಸಂಬಳ ಬಾಕಿ ಇಟ್ಟು "ಊರಿಗೆ ಹೋಗು, ಶುರುವಾದಾಗ ಕರೆಯುತ್ತೇನೆ" ಅಂದರಂತೆ. ಸರ್ಕಾರದ ಪರಿಹಾರ ಬಂದದ್ದು ಟ್ರಕ್ ಮಾಲೀಕರಿಗೆ, ಬಾರ್ಜ್ ಮಾಲೀಕರಿಗೆ. ಸ್ಟೇರಿಂಗ್ ಹಿಡಿದವನು ಮಾಲೀಕ ಅಲ್ವಲ್ಲ. ಅವನು ಹುನಗುಂದಕ್ಕೆ ವಾಪಸ್ ಹೋದ. ಗಣಿ ಬೇಡ ಅನ್ನುವವರೂ ಬೇಕು ಅನ್ನುವವರೂ ಇವನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

2022ರ ಡಿಸೆಂಬರ್‌ನಲ್ಲಿ ಗೋವಾದಲ್ಲಿ ಮೊದಲ ಸಲ ಗಣಿ ಬ್ಲಾಕ್‌ಗಳ ಹರಾಜು ನಡೆಯಿತು. 2024ರಲ್ಲಿ ಡಿಚೋಲಿ ಬ್ಲಾಕ್‌ನಲ್ಲಿ ಕೆಲಸ ಮತ್ತೆ ಶುರುವಾಯಿತು. ಹರಾಜು ಒಳ್ಳೆಯದೇ, ದುಡ್ಡಿನ ದಾರಿ ಕಣ್ಣಿಗೆ ಕಾಣುತ್ತದೆ. ಆದರೆ ಪ್ರತಿ ಊರಿನ ಬಾವಿ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ಪಂಚಾಯಿತಿ ಬಾಗಿಲಿಗೆ ಅಂಟಿಸಬೇಕು. ಎಷ್ಟು ಟ್ರಿಪ್ ಹೋಯಿತು ಅಂತ ಅದರ ಪಕ್ಕದಲ್ಲೇ ಬರೆಯಬೇಕು. ನಾನು ಕೇಳುವುದು ಇಷ್ಟೇ.

ಗಣಿ ನಿಂತಿದ್ದ ವರ್ಷಗಳಲ್ಲಿ ಹೊಂಡಗಳು ಕೆರೆಯ ಹಾಗೆ ತುಂಬಿದ್ದವು. ಮೊದಲ ಗಂಟು ಕೈಗೆ ಬರುವ ಮೊದಲೇ ಅಜ್ಜಿಯ ಕೊಡ ನೀರು ಮುಟ್ಟುತ್ತಿತ್ತಂತೆ. ಹೋದ ಸಲ ಹೋದಾಗ ಹಗ್ಗ ಅದೇ ಮೊಳೆಗೆ ನೇತಾಡುತ್ತಿತ್ತು. ಗಂಟು ಬಿಚ್ಚಿರಲಿಲ್ಲ. ಬಿಚ್ಚಿ ಗಿಡ್ಡ ಮಾಡಬಹುದಲ್ಲ ಅಂತ ಸುಮ್ನೆ ಕೇಳಿದೆ. "ಇರಲಿ ಬಿಡು" ಅಂದರು.